ಬೀರುವಿನೊಳಗಿಂದ ಹತ್ತು ಅಂಕ

ಹತ್ತು ಅಂಕ ಬಂದರೆ, ಆ ಮನುಷ್ಯ ಅವಳಿಂದ ಇನ್ನೂರು ಅಡಿ ದೂರ ಇರಬೇಕೆಂಬ ಕೋರ್ಟಿನ ಆದೇಶ ಮುಂದುವರಿಯುತ್ತಿತ್ತು. ಒಂಬತ್ತು ಬಂದರೆ ನಾಳೆಯೇ ಅವನು ಮತ್ತೆ ಅಂಗಿ ಕಾರ್ಖಾನೆಯ ಗೇಟಿನಲ್ಲಿ ಹಲ್ಲು ಕಿರಿಯುತ್ತ ನಿಲ್ಲಬಹುದಿತ್ತು. ಅವಳು ಅಲ್ಲಿ ಗುಂಡಿಗಳಿಗೆ ಕಾಜಾ ಹೊಲಿಯುವ ಹುಡುಗಿ. ಎರಡು ವರ್ಷ ಬೆನ್ನು ಬಿದ್ದವನಿಂದ ಅವಳ ಮನಸ್ಸಿಗೆ ಎಷ್ಟು ಪೆಟ್ಟಾಗಿದೆ ಎಂದು ಅಂಕ ಹಾಕಿ ಅಳೆಯಲು ಕೋರ್ಟು ಅವಳನ್ನು ಮನೋವೈದ್ಯರ ಬಳಿ ಕಳಿಸಿತ್ತು. ಜೊತೆಗೆ ಚಿಕ್ಕಮ್ಮ ಬಂದಿದ್ದಳು.

“ನಿದ್ದೆ ಬರುತ್ತಾ?” ಡಾಕ್ಟರು ಕೋರ್ಟಿನ ಪ್ರಶ್ನೆಗಳ ನಮೂನೆಯಿಂದ ಕಣ್ಣೆತ್ತಲಿಲ್ಲ.

“ಬರುತ್ತೆ ಸಾರ್. ಎಂಟು ಗಂಟೆ.”

“ಸೊನ್ನೆ.”

“ಅಯ್ಯೋ ಪುಣ್ಯಾತ್ಗಿತ್ತಿ, ಎಲ್ಲಿ ಮಲಗ್ತೀಯ ಅಂತ ಹೇಳೇ!” ಚಿಕ್ಕಮ್ಮ ಹಣೆ ಚಚ್ಚಿಕೊಂಡಳು. “ಬೀರುವಿನೊಳಗೆ ಡಾಕ್ಟ್ರೇ! ಹೊದಿಕೆಗಳ ಜೊತೆ ಇವಳೂ ಒಂದು ಹೊದಿಕೆ!”

“ಜಾಗ ಕೇಳಿಲ್ಲಮ್ಮ ಇದರಲ್ಲಿ. ಅದೂ ಅಲ್ದೆ, ಬೀರುವಿನಲ್ಲಿ ಮನುಷ್ಯರು ಹಿಡಿಸ್ತಾರಾ?”

ಹುಡುಗಿ ಯಾರೊಂದಿಗೂ ವಾದಿಸಿದವಳಲ್ಲ. ಎದ್ದು ಹೋಗಿ, ಗೋಡೆ ಪಕ್ಕದ ಕಬ್ಬಿಣದ ಬೀರುವಿನಲ್ಲಿದ್ದ ಫೈಲುಗಳನ್ನು ಒತ್ತರಿಸಿ, ಒಳಗೆ ಕೂತು ಬಾಗಿಲು ಎಳೆದುಕೊಂಡಳು. ಬಾಗಿಲಿನ ಒಳಗಿನ ಸರಳಿಗೆ ಜೇಬಿನ ಕಾಜಾ ದಾರ ಸುತ್ತಿ ಗಂಟು ಬಿಗಿದಳು. ಹಾಯೆನಿಸಿತು.

“ಹಿಡಿಸ್ತೀನಿ ಸಾರ್.”

ಡಾಕ್ಟರು ಹಿಡಿ ಹಿಡಿದು ಜಗ್ಗಿದರು. ಬಾಗಿಲು ಜಪ್ಪಯ್ಯ ಅನ್ನಲಿಲ್ಲ. ಬಗ್ಗಿ, ಬಾಗಿಲಿಗೆ ಬಾಯಿಟ್ಟು ಮುಂದುವರಿಸಿದರು: “ಜನರಿಂದ ದೂರ ಇರ್ತೀಯಾ?”

“ಇಲ್ಲ ಸಾರ್. ನಿಮ್ಮ ಜೊತೆ ಮಾತಾಡ್ತಿದೀನಲ್ಲ.”

“ಸೊನ್ನೆ. ಕೊನೇದು, ಹತ್ತು ಅಂಕದ್ದು. ನಿತ್ಯದ ಕೆಲಸಕ್ಕೆ ಅಡ್ಡಿ ಆಗಿದೆಯಾ?”

“ಒಂದು ದಿನಾನೂ ರಜೆ ಹಾಕಿಲ್ಲ.”

“ಇದರ ಬಾಯಿಗಿಷ್ಟು!” ಚಿಕ್ಕಮ್ಮ ಬೀರುವಿಗೆ ಗುದ್ದಿದಳು.

ಆಗ ನರ್ಸು ಇಣುಕಿದಳು. “ಸಾರ್, ಮುಂದಿನವರ ಫೈಲು?”

“ಒಳಗಿದೆ.”

“ಔಷಧಿ ಚೀಟಿ ಪುಸ್ತಕ?”

“ಒಳಗೆ.”

“ಹೊರಗೆ ಒಂಬತ್ತು ಜನ ಕಾಯ್ತಿದಾರೆ. ನೀವೇನ್ಮಾಡ್ತಿದೀರಿ?”

ಡಾಕ್ಟರು ತಮ್ಮನ್ನೇ ನೋಡಿಕೊಂಡರು. ಬೀರುವಿನ ಮುಂದೆ ಮೊಣಕಾಲೂರಿದ್ದರು. ಪರೀಕ್ಷಕರು ಕಣ್ಣಾರೆ ಕಂಡ ಅಡ್ಡಿಗೆ ಪೂರ್ತಿ ಅಂಕ ಎಂದು ನಮೂನೆಯಲ್ಲೇ ಅಚ್ಚಾಗಿತ್ತು. ಯಾರ ಕೆಲಸಕ್ಕೆ ಅಡ್ಡಿ ಎಂದು ಮಾತ್ರ ಅಚ್ಚಾಗಿರಲಿಲ್ಲ. ಹತ್ತು ಎಂದು ಬರೆದು, ಗಟ್ಟಿಯಾಗಿ ಓದಿದರು.

“ಈಗ ಬಾ ತಾಯಿ. ಸೀಲೂ ಅಲ್ಲೇ ಇದೆ, ಸೀಲಿಲ್ಲದೆ ಕೋರ್ಟು ಒಪ್ಪಲ್ಲ.”

“ಕಾಗದ ಒಳಗೆ ತಳ್ಳಿ ಸಾರ್.”

ಬಾಗಿಲ ಕೆಳಗಿನ ಸಂದಿಯಲ್ಲಿ ನಮೂನೆ ಒಳಹೋಯಿತು. ಧಪ್ ಎಂದಿತು ಸೀಲು. ಕತ್ತಲಲ್ಲಿ ಸರಿಯಾಗಿ ಬಿತ್ತೋ ಇಲ್ಲವೋ ಎಂದು ಇನ್ನೂ ಎರಡು ಸಲ ಧಪ್, ಧಪ್. ಆಮೇಲೆ, ದಾರವನ್ನು ಹಲ್ಲಿನಿಂದ ಕಡಿದ ಸಣ್ಣ ಸದ್ದು.