ಸುಲ್ತಾನಸಾಬ ಮಲಗಿದ ಊರು

ಅಂಬಣ್ಣ ಸಯಾಮ್ ದೇಶದಿಂದ ಯಾದಗಿರಿಗೆ ಮರಳಿ ಹದಿನೈದು ದಿನವಾಗಿದ್ದರೂ ಶಹಾಪುರದ ಕಡೆ ಹೆಜ್ಜೆ ಹಾಕಿರಲಿಲ್ಲ. ಅಲ್ಲಿ ಹಜರಾಬೀ ಇದ್ದಳು. ಆಕೆಯ ಒಬ್ಬನೇ ಮಗ ಸುಲ್ತಾನಸಾಬ ಯಾದಗಿರಿ ಟೇಶನ್ನಿನಲ್ಲಿ ಟಾಂಗಾ ಹೊಡೆಯುತ್ತಿದ್ದವನು. ಅಂಬಣ್ಣ ಭೀಮೆಯಲ್ಲಿ ದೋಣಿ ನಡೆಸುತ್ತಿದ್ದವನು. ಇಬ್ಬರೂ ಒಂದೇ ದಿನ ಫೌಜು ಸೇರಿದ್ದರು. ಜಪಾನಿನವರು ಸೋತ ಮೇಲೆ ಅವರ ಪಲ್ಟನ್ನು ಸಯಾಮಿನ ಉತ್ತರಕ್ಕಿರುವ ಲಂಪಾಂಗ್ ಎಂಬ ಊರಿಗೆ ಹೋಯಿತು. ಅಲ್ಲಿಂದ ಅಂಬಣ್ಣ ಒಬ್ಬನೇ ಬಂದ. ಸಾವಿನ ಕಾಗದ ಅವನಿಗಿಂತ ಮೊದಲೇ ಹಜರಾಬೀಯ ಮನೆ ಮುಟ್ಟಿತ್ತು. ಆದರೂ, ಬದುಕಿ ಬಂದ ತನ್ನ ಮುಖವನ್ನು ಆ ತಾಯಿಗೆ ಹೇಗೆ ತೋರಿಸುವುದು?

ಕೊನೆಗೆ ಹೆಂಡತಿ ಸುಗಲಮ್ಮ ಗದರಿದಳು. “ಆಕಿ ನಿಮ್ಮ ದಾರಿ ಕಾಯಾಕತ್ತಿರತಾಳ. ಎದ್ದು ಹೋಗ್ರಿ ಮೊದಲ.”

ಮರುದಿನ ಮುಂಜಾನೆಯ ಬಸ್ಸಿಗೆ ಹೊರಟ. ಹಜರಾಬೀ ಅಂಗಳದಲ್ಲಿ ಜೋಳ ಕೇರುತ್ತಿದ್ದಳು. ಅವನನ್ನು ಕಂಡು ಮೊರ ಕೆಳಗಿಟ್ಟಳು. ಅಳಲಿಲ್ಲ.

“ಕುಂದ್ರು ಬೇಟಾ. ಕಾಗದದಾಗ ಬರೇ ಸಯಾಮ್ ಅಂತ ಬರದಾರ. ಅದೆಂಥಾ ಊರು? ನನ್ನ ಮಗ ಎಂಥಾ ಜಾಗಾದಾಗ ಮಲಗ್ಯಾನ?”

ಅಂಬಣ್ಣನಿಗೆ ತಟ್ಟನೆ ಹೊಳೆದದ್ದು ಒಂದೇ. “ಆ ಊರಾಗ ಟಾಂಗಾ ಅದಾವ್ರಿ, ಅವ್ವಾ.”

ಹಜರಾಬೀ ತಲೆ ಎತ್ತಿದಳು. ಅಷ್ಟು ಸಾಕಾಯಿತು, ಅವನ ಮಾತಿಗೆ ದಾರಿ ಸಿಕ್ಕಿತು.

ಲಂಪಾಂಗಿನ ಟೇಶನ್ನಿನ ಮುಂದೆ ಕುದುರೆ ಗಾಡಿಗಳ ಸಾಲು ಕಂಡದ್ದೇ ತಡ, ಸುಲ್ತಾನಸಾಬ ಲಾರಿಯಿಂದ ಹಾರಿ, ಒಂದು ಕುದುರೆಯ ಗೊರಸು ಎತ್ತಿ ನೋಡಿದ್ದ. ಗಾಡಿಯವನಿಗೆ ಇವನ ಮಾತು ಬಾರದು, ಇವನಿಗೆ ಅವನದು. ಕುದುರೆಯ ಮೈ ಸವರುತ್ತಲೇ ಇಬ್ಬರೂ ದೋಸ್ತರಾದರು. ಅಲ್ಲಿಂದ ಮುಂದೆ ರಜೆ ಸಿಕ್ಕಾಗಲೆಲ್ಲ ಆ ಮನುಷ್ಯ ಇವರಿಬ್ಬರನ್ನೂ ಕೂರಿಸಿಕೊಂಡು ಬುದ್ಧನ ಗುಡಿಗಳಿಗೆ ಕರೆದೊಯ್ಯುತ್ತಿದ್ದ. ಸುತ್ತ ಗೋಡೆಯೇ ಇಲ್ಲದ, ತೇಗದ ಕಂಬಗಳ ಮೇಲೆ ನಿಂತ ಹಳೆಯ ಗುಡಿ. ಕಂಬದ ತುಂಬ ಬಂಗಾರದ ಹೂಬಳ್ಳಿ. ಅದರ ಬಳಿ ಒಂದು ಕತ್ತಲೆ ಕೋಣೆ. ಕದ ಮುಚ್ಚಿದರೆ ಒಂದು ತೂತಿನಿಂದ ಬೆಳಕು ಬಂದು, ಹೊರಗಿನ ಬಂಗಾರದ ಗೋಪುರ ಬಣ್ಣಸಮೇತ ಬಿಳಿ ಬಟ್ಟೆಯ ಮೇಲೆ ತಲೆಕೆಳಗಾಗಿ ಬೀಳುತ್ತಿತ್ತು.

“ನಿಮ್ಮ ಮಗ ಏನು ಮಾಡಿದ ಗೊತ್ತೇನ್ರಿ? ಬಗ್ಗಿ, ಕಾಲ ಸಂದಿಯೊಳಗ ತಲಿ ಹಾಕಿ, ‘ಈಗ ನೆಟ್ಟಗ ಕಾಣಾಕತ್ತೈತಿ’ ಅಂದ. ಅಲ್ಲಿದ್ದ ಮುದಿ ಸನ್ಯಾಸಿ ನಕ್ಕು ನಕ್ಕು ಕೆಳಗ ಕುಂತುಬಿಟ್ಟ.”

ಹಜರಾಬೀ ಸೆರಗು ಬಾಯಿಗೊತ್ತಿ ನಕ್ಕಳು. ಆಮೇಲೆ ಅತ್ತಳು. ಆಕೆಯೇ ಕಣ್ಣೊರೆಸಿಕೊಂಡು, “ಮುಂದ ಹೇಳು” ಎಂದಳು.

“ಇನ್ನೊಂದು ಗುಡಿಯಾಗ ಬುದ್ಧ ಅಡ್ಡ ಮಲಗ್ಯಾನ್ರಿ. ಸುಲ್ತಾನ ಬಾಳ ಹೊತ್ತು ನಿಂತು ನೋಡಿದ. ‘ಅಂಬ್ಯಾ, ನಮ್ಮ ಶಹಾಪುರದ ಗುಡ್ಡ ಇಲ್ಲಿ ಬಂದು ಮಲಗೈತಿ ನೋಡೋ’ ಅಂದ.”

ಆಕೆ ಎದ್ದು ಅಂಗಳದ ಅಂಚಿಗೆ ಹೋಗಿ ನಿಂತಳು. ಊರ ಹಿಂದಿನ ಗುಡ್ಡ ಅಂಗಾತ ಮಲಗಿದ ಮನುಷ್ಯನ ಹಾಗೆ ಬಿಸಿಲಿನಲ್ಲಿ ಚಾಚಿಕೊಂಡಿತ್ತು. ಹಣೆ, ಮೂಗು, ಎದೆ. ಮದುವೆಯಾಗಿ ಬಂದಂದಿನಿಂದ ಕಂಡ ಗುಡ್ಡವನ್ನು ಆಕೆ ಅಂದು ಎವೆಯಿಕ್ಕದೆ ನೋಡಿದಳು.

ಉಳಿದದ್ದನ್ನು ಅಂಬಣ್ಣ ಬೇಗ ಹೇಳಿ ಮುಗಿಸಿದ. ನಾಲ್ಕು ದಿನದ ಚಳಿಜ್ವರ. ಅಲ್ಲಿನ ಮುಸಲ್ಮಾನ ಜವಳಿ ವ್ಯಾಪಾರಿಗಳು ಅವನ ಮೈ ತೊಳೆದು ನಮಾಜು ಮಾಡಿದರು. ಗಾಡಿಯವನು ಕುದುರೆಯ ಗೆಜ್ಜೆ ಬಿಚ್ಚಿಟ್ಟು, ತನ್ನ ಗಾಡಿಯಲ್ಲೇ ಹೆಣ ಒಯ್ದ. ತಾನು ಮಾತ್ರ ಹತ್ತಲಿಲ್ಲ, ಲಗಾಮು ಹಿಡಿದು ದಾರಿಯುದ್ದಕ್ಕೂ ನಡೆದ.

“ಬರಿಗಾಲಿಲೇ?”

“ಹೌದ್ರಿ. ಬರಿಗಾಲಿಲೇ.”

ಅಂದಿನಿಂದ ಅಂಬಣ್ಣ ತಿಂಗಳಿಗೊಮ್ಮೆ ಶಹಾಪುರಕ್ಕೆ ಬರತೊಡಗಿದ. ಹಜರಾಬೀ ರೊಟ್ಟಿ ಬಡಿಯುತ್ತ, ಅದೇ ಗುಡಿಗಳನ್ನು ಮತ್ತೆ ಕೇಳುತ್ತಿದ್ದಳು. ಅವನು ಕಂಬಗಳ ಹೂಬಳ್ಳಿ ಮರೆತರೆ ಆಕೆಯೇ ನೆನಪಿಸುತ್ತಿದ್ದಳು.

ಒಮ್ಮೆ ಅವನು ಬಂದಾಗ ಆಕೆ ನೆರೆಮನೆಯ ಲಾಲಮ್ಮನ ಮುಂದೆ ಕುಳಿತು, ಕಣ್ಣಾರೆ ಕಂಡವಳಂತೆ ಲಂಪಾಂಗಿನ ಕತೆ ಹೇಳುತ್ತಿದ್ದಳು. “ಗುಡಿ ಶಿಖರ ಕಾಣೂವಂಥಾ ಜಾಗಾ ಅದು. ನನ್ನ ಮಗನ ತಲಿ ಮ್ಯಾಗ ದೊಡ್ಡದೊಂದು ಬೇವಿನ ಗಿಡ ಐತಿ. ಬಿಸಲ ಬೀಳಂಗಿಲ್ಲ.”

ಅಲ್ಲಿ ಯಾವ ಗಿಡವೂ ಇರಲಿಲ್ಲ. ಬೋಳು ಕೆಮ್ಮಣ್ಣಿನ ದಿಬ್ಬ ಅಂಬಣ್ಣನ ಕಣ್ಣಿಗೆ ಕಟ್ಟಿತು.

ಲಾಲಮ್ಮ ಅವನತ್ತ ತಿರುಗಿದಳು. “ಹೌದೇನಪಾ, ಅಷ್ಟು ದೊಡ್ಡ ಗಿಡ?”

“ಹೌದ್ರಿ ಲಾಲಮ್ಮಾ,” ಎಂದ ಅಂಬಣ್ಣ ಕಟ್ಟೆಯ ಮೇಲೆ ಕೂರುತ್ತ. “ಇಬ್ಬರು ತೆಕ್ಕಿ ಬಡದರೂ ಸಿಗಂಗಿಲ್ಲ, ಅಂಥಾ ಗಿಡ.”