ನಾಚಿಕೆಯ ಮೂಲ

ಆ ನಿಘಂಟು ಕಚೇರಿಯಲ್ಲಿ ಪ್ರತಿ ಪದಕ್ಕೂ ಒಂದು ಚೀಟಿ, ಚೀಟಿಗೆ ಎರಡು ಸಹಿ. ಬರೆದವರದ್ದೊಂದು, ಮೂಲಗ್ರಂಥ ತೆರೆದು ತಾಳೆ ನೋಡಿದವರದ್ದೊಂದು. ಎಲ್ಲಾದರೂ ಒಂದು ಸುಳ್ಳು ಸಿಕ್ಕಿತೋ, ಅದನ್ನು ಹುಟ್ಟಿಸಿದವರ ಸಹಿಯಿರುವ ಚೀಟಿಗಳೆಲ್ಲ ಕಸಕ್ಕೆ ಹೋಗಬೇಕು.

ಪುಟ್ಟಿ ಸೇರಿದ ವಾರವೇ ಸುಳ್ಳು ಬರೆದಿದ್ದಳು. ಅವಳನ್ನು ಪುಟ್ಟಿ ಎಂದು ಕರೆದು, ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಕಲಿಸಿದವಳು ಅಕ್ಕ, ಇಪ್ಪತ್ತಾರು ವರ್ಷದಿಂದ ಅಲ್ಲೇ ಕಣ್ಣು ಸವೆಸಿಕೊಂಡವಳು. ಸಂಪಾದಕರಿಗೋ ಒಂದು ಹುಚ್ಚು. ಮನಸ್ಸಿನ ಪದಗಳೆಲ್ಲ ಮೊದಲು ಕಣ್ಣಿಗೆ ಕಾಣುವ ವಸ್ತುಗಳ ಹೆಸರಾಗಿದ್ದವಂತೆ. ನಾಚಿಕೆ ಎಂದರೆ ಮೊದಲು ಮುಟ್ಟಿದರೆ ಮುದುಡುವ ಗಿಡವೇ ಅಂತೆ, ಭಾವ ಆಮೇಲೆ ಬಂದದ್ದಂತೆ. ಪುರಾವೆ ತಾ ಎಂದು ಪುಟ್ಟಿಯ ಜೀವ ತಿಂದರು. ಹಳೆಯ ಔಷಧಿಗಳ ಹಸ್ತಪ್ರತಿಯೊಂದನ್ನು ಎರಡು ದಿನ ಜಾಲಾಡಿ, ಏನೂ ಸಿಗದೆ, ಅವಳೇ ಒಂದು ಸಾಲು ಹೊಸೆದು ಪುಟಸಂಖ್ಯೆ ಹಾಕಿದಳು. ನೀನು ನೋಡಿದ್ದೀಯಲ್ಲ, ಸಾಕು ಎಂದು ಅಕ್ಕ ತೆರೆದೂ ನೋಡದೆ ಸಹಿ ಹಾಕಿದಳು. ಆ ಒಂದು ಸಾಲು ಹಿಡಿದು ಸಂಪಾದಕರು ಎಂಟು ವರ್ಷ ಊರೂರು ಭಾಷಣ ಬಿಗಿದರು.

ಈಗ ಹೊರಗಿನ ವಿದ್ವಾಂಸನೊಬ್ಬ ಹಸ್ತಪ್ರತಿಯನ್ನು ಪುಟ ಬಿಡದೆ ಓದಿ, ಅಂಥ ಸಾಲೇ ಇಲ್ಲವೆಂದು ಪತ್ರಿಕೆಯಲ್ಲಿ ಬರೆದಿದ್ದ. ಸಂಪಾದಕರ ಮಾನ ಮೂರು ಕಾಸಿಗೆ ಹೋಗಿತ್ತು. ಇಬ್ಬರಿಗೂ ಕರೆ ಬಂತು.

ಪುಟ್ಟಿ ತನ್ನ ಕಪಾಟಿನತ್ತ ನೋಡಿದಳು. ಕೆಲಸ ಹೋದರೆ ಹೋಗಲಿ, ಎಂಟು ವರ್ಷ ಬರೆದ ಚೀಟಿಗಳು? ಬದುಕಿನಲ್ಲಿ ಅವಳು ಮಾಡಿದ್ದು ಅದೊಂದೇ. ನೋಡದೆ ಸಹಿ ಹಾಕಿದ್ದು ನನ್ನ ತಪ್ಪು, ಬೈಸಿಕೊಳ್ಳುತ್ತೇನೆ ಎಂದು ಅಕ್ಕ ಅವಳ ಕೈ ಹಿಡಿದುಕೊಂಡೇ ಒಳಗೆ ಬಂದಳು.

"ಈ ಸಾಲು ಎಲ್ಲಿಂದ ಬಂತು?"

"ಅಕ್ಕ ಹೇಳಿದ್ರು ಸಾರ್, ನಾನು ಬರ್ಕೊಂಡೆ."

ಅಕ್ಕ ಕೈ ಬಿಟ್ಟಳು. ಬಾಯಿ ತೆರೆಯುವಷ್ಟರಲ್ಲಿ ಸಂಪಾದಕರು ಎಗರಿಬಿದ್ದರು. ಅವರಿಗೆ ಬೇಕಿದ್ದದ್ದು ಸತ್ಯವಲ್ಲ, ಒಂದು ತಲೆ. ಸಂಜೆಯೊಳಗೆ ಅಕ್ಕ ಜಾಗ ಖಾಲಿ ಮಾಡಬೇಕು, ಅವಳ ಚೀಟಿಗಳನ್ನೆಲ್ಲ ಪುಟ್ಟಿಯೇ ಹರಿಯಬೇಕು ಎಂದು ಅಪ್ಪಣೆಯಾಯಿತು. ಪುಟ್ಟಿಗೆ ಹೋದ ಜೀವ ಬಂದಂತಾಯಿತು. ಥೂ, ಅಷ್ಟು ಹಾಯೆನಿಸಿತು ಅವಳಿಗೆ.

ಮಧ್ಯಾಹ್ನವಿಡೀ ಪೆಟ್ಟಿಗೆಯ ಮೇಲೆ ಪೆಟ್ಟಿಗೆ ಹರಿದಳು. ಅಕ್ಕನ ದುಂಡು ಅಕ್ಷರಗಳಿಂದ ಗೋಣಿಗಳು ತುಂಬಿದವು. ಅಕ್ಕ ಎದುರು ಕುರ್ಚಿಯಲ್ಲಿ ಕೂತು ನೋಡುತ್ತಿದ್ದಳು. ಕೊನೆಯ ಪೆಟ್ಟಿಗೆ ಮುಗಿಸಿ ಪುಟ್ಟಿ ಕೈ ಕೊಡವಿಕೊಂಡಾಗ ಅಕ್ಕ ಎದ್ದು, ಪುಟ್ಟಿಯದೇ ಕಪಾಟಿನ ಬಾಗಿಲು ತೆಗೆದಳು.

"ಇವನ್ನ ತಾಳೆ ನೋಡಿದವಳು ನಾನೇ ಅಲ್ವೇನೆ? ಎಂಟು ವರ್ಷದ್ದಕ್ಕೂ ನನ್ನ ಸಹಿ ಇದೆ. ಹರಿ."