ಯಾರ ಪಾಲಿಗೂ ಬಾರದ ಬಾಗಿಲು

ಸತ್ತ ಅತ್ತೆಯ ತೋಳು ಸೆಟೆದು ಮಡಚಲಾಗದ್ದರಿಂದ ಸೊಸೆ ರವಿಕೆಯನ್ನು ಕತ್ತರಿಯಿಂದಲೇ ಬಿಡಿಸುತ್ತಿದ್ದಳು. ನೀರಿನ ಚೊಂಬು ಹಿಡಿದು ನಿಂತಿದ್ದ ಬೇಕರಿಯಾಕೆಗೆ ನೋಡಲಾಗಲಿಲ್ಲ.

"ಹೊಲಿಗೆ ಬಿಚ್ಚಬಾರದಾ? ಟೈಲರ್ ಮೈಮೇಲಿನ ಬಟ್ಟೇನ ಹಿಂಗಾ ಕತ್ತರಿಸೋದು? ಎದ್ದು ಬಂದು ಬೈದಾರು."

"ಬೈಯಲಿ ಬಿಡಿ, ಅಕ್ಕ."

ತೊಳೆದು, ಬೇರೆ ಸೀರೆ ಸುತ್ತಿ, ಹೆಣವನ್ನು ಹೊರಕೋಣೆಯ ಮಂಚಕ್ಕೆ ತಂದರು. ಅಲ್ಲಿ ಕೂತಿದ್ದ ಬೀದಿಯ ಹೆಂಗಸರಿಗೆ ದುಃಖಕ್ಕಿಂತ ಸಿಟ್ಟೇ ಹೆಚ್ಚಿತ್ತು.

"ಬಿಸಿಲಿಗೆ ಯಾರೂ ಸಾಯಬಾರದು ಅಂತ ನಮ್ಮನ್ನ ಓಡಾಡ್ಸಿದ್ರು. ಕೊನೆಗೆ ತಾವೇ ಹೋದ್ರಲ್ಲ," ಎಂದಳು ಇಸ್ತ್ರಿಯಾಕೆ. "ನಿಮ್ಮ ಚಳವಳಿ ನಿಮ್ಮ ಲೀಡರನ್ನೇ ಉಳಿಸ್ಲಿಲ್ಲ ಅಂತ ನನ್ನ ಗಂಡ ಬೆಳಗಿನಿಂದ ಕಿಸೀತಿದ್ದಾನೆ."

* * *

ಅಳತೆ ಕೊಡಲು ಬಂದವರ ಸೊಂಟಕ್ಕೆ ಟೇಪು ಸುತ್ತಿ, ಬಿಡದೆ ಹಿಡಿದುಕೊಂಡೇ ಅತ್ತೆ ಮಾತು ತೆಗೆಯುತ್ತಿದ್ದಳು.

"ಭಾಷಣ ಬೇಡ, ಬಾವುಟ ಬೇಡ. ಬಿಸಿಲು ಏರಿದ ದಿನ ಹನ್ನೆರಡು ಗಂಟೆಗೆ ಆರು ಬಾಗಿಲು ಬಡಿ. ನೀರು ಕುಡಿಸು, ಹೆಸರು ಕೇಳು. ತೊದಲಿದ್ರೆ ಆಸ್ಪತ್ರೆಗೆ ಸಾಗಿಸು. ಇಷ್ಟಕ್ಕೆ ಓದಿರಬೇಕೇನೇ?"

ಟೇಪಿನಿಂದ ತಪ್ಪಿಸಿಕೊಳ್ಳಲಾಗದೆ ಒಪ್ಪಿದವರೇ ಹೆಚ್ಚು. ಅವರೇ ಮೂರನೆಯ ಬೇಸಿಗೆಗೆ, ಬೀದಿಯ ಮರ ಕಡಿಯಲು ಬಂದ ಲಾರಿಯೆದುರು ಕುರ್ಚಿ ಹಾಕಿ ಕೂತರು. ಪಕ್ಕದ ಬೀದಿಯವರೂ ನಮಗೂ ಇದನ್ನು ಹೇಳಿಕೊಡಿ ಎಂದು ಕೇಳಿಕೊಂಡು ಬಂದರು.

ಚೀಟಿ ಬರೆದು ಬಾಗಿಲುಗಳನ್ನು ಹಂಚಿದಾಗ ಅತ್ತೆಯ ಬಾಗಿಲು ಮಾತ್ರ ಯಾರ ಪಾಲಿಗೂ ಬರಲಿಲ್ಲ.

"ನನಗ್ಯಾಕೆ? ಮನೇಲಿ ಸೊಸೆ ಇದ್ದಾಳಲ್ಲ," ಎಂದಿದ್ದಳು.

* * *

ಸೊಸೆಯ ಕೋಣೆಯ ಫ್ಯಾನನ್ನು ಅತ್ತೆ ಒಂದು ಮಾತೂ ಕೇಳದೆ ಮೂಲೆಮನೆಯ ಮುದುಕನಿಗೆ ಕೊಟ್ಟುಬಂದಿದ್ದಳು. ನಾಲ್ಕು ದಿನದಿಂದ ಇಬ್ಬರಿಗೂ ಮಾತಿರಲಿಲ್ಲ.

ನಿನ್ನೆ ಒಂದು ಗಂಟೆಗೆ, ತಗಡಿನ ಚಾವಣಿಯ ಹಿಂಗೋಣೆಯಲ್ಲಿ ಹೊಲಿಗೆ ಮಷಿನ್ನು ನಿಂತಿತು. ಏನೋ ಉರುಳಿತು. "ಏ ಹುಡುಗಿ," ಎಂಬ ಕೂಗು, ಒಂದೇ ಸಲ.

ಈಗ ಬೇಕಾಯಿತೇನೋ ನಾನು ಎಂದುಕೊಂಡು ಸೊಸೆ ಮಗ್ಗುಲು ಬದಲಿಸಿದಳು. ಎದ್ದು ಹೋಗಿ ನೋಡಿದಾಗ ನಾಲ್ಕು ಗಂಟೆ.

* * *

"ಸಾಕು ಬಿಡ್ರೇ," ಎಂದಳು ಇಸ್ತ್ರಿಯಾಕೆ. "ನೀರು ಕುಡ್ಸಿ ಸಾವು ತಡೀತಾರಂತೆ! ನಾಳೆಯಿಂದ ನನ್ನ ಪಾಡಿಗೆ ನಾನು."

ಬೇಕರಿಯಾಕೆ ಸೊಸೆಯ ಹತ್ತಿರ ಸರಿದು ಕೂತಳು. "ನೀನೊಂದು ಮಾತು ಹೇಳು. ಯಾರಾದ್ರೂ ಹೊತ್ತಿಗೆ ಸರಿಯಾಗಿ ಹೋಗಿದ್ರೆ ಉಳೀತಿದ್ರಾ? ಹೂಂ ಅಂದ್ರೆ ಯಾರು ಬಿಟ್ರೂ ನಾನು ಬಿಡಲ್ಲ. ಇವರನ್ನೂ ಎಳ್ಕೊಂಡು ಹೋಗ್ತೀನಿ."

ಎಲ್ಲರೂ ಸೊಸೆಯತ್ತ ತಿರುಗಿದರು.

"ಇಲ್ಲ ಅಕ್ಕ," ಎಂದಳು ಸೊಸೆ. "ಯಾರಿದ್ರೂ ಆಗ್ತಿರ್ಲಿಲ್ಲ. ಕೂಗೋಕೂ ಪುರುಸೊತ್ತು ಸಿಗ್ಲಿಲ್ಲ ಅವರಿಗೆ."

"ಪಾಪ, ನೀನಾದ್ರೂ ಏನು ಮಾಡ್ತೀಯ," ಎಂದು ಬೇಕರಿಯಾಕೆ ಅವಳ ತಲೆ ಸವರಿದಳು. ಆಮೇಲೆ ತನ್ನ ಮಣಿಕಟ್ಟಿನಿಂದ ಹಳದಿ ಬಟ್ಟೆಯ ರಿಬ್ಬನ್ನು ಬಿಚ್ಚಿ ಹೆಣದ ಪಾದದ ಮೇಲಿಟ್ಟಳು. ಬಾಗಿಲು ಬಡಿಯುವವರ ಗುರುತಿಗೆಂದು ಅತ್ತೆಯೇ ಹೊಲಿದುಕೊಟ್ಟಿದ್ದ ರಿಬ್ಬನ್ನು. ಒಬ್ಬೊಬ್ಬರಾಗಿ ಉಳಿದವರೂ ಬಿಚ್ಚಿಟ್ಟರು. ಹನ್ನೆರಡು ಗಂಟೆ ದಾಟಿತು. ಯಾರೂ ಏಳಲಿಲ್ಲ.

ಪರವೂರಿನಿಂದ ಬರಲಿದ್ದ ಗಂಡನಿಗೂ ಆ ಕೂಗಿನ ಮಾತು ಹೇಳಬಾರದು ಎಂದು ಸೊಸೆ ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಳು. ರಿಬ್ಬನ್ನುಗಳನ್ನೆಲ್ಲ ಬಾಚಿ, ಸೀರೆ ಸರಿಪಡಿಸುವವಳಂತೆ ಬಗ್ಗಿ, ಹೆಣದ ಬೆನ್ನಡಿಗೆ ತಳ್ಳಿದಳು. ಸೆಕೆಗೆ ಕಾದ ಮಂಚದ ಮೇಲೆ ಅತ್ತೆಯ ಬೆನ್ನು ಬೆಚ್ಚಗಿತ್ತು.